ಆರನೇ ಕಾಲಂ

ಹೆಸರು ಇನ್ನಾಸಪ್ಪ. ತಂದೆ ಚೌರಪ್ಪ.
ವಾಸ ಪೆನ್ಶನ್ ಮೊಹಲ್ಲಾ, ಹಾಸನ.
ಬೀದಿಗೆ ತಕ್ಕ ಮನುಷ್ಯ ಅಂದೆ. ನಗಲಿಲ್ಲ.
ಆರಡಿ ಮೂರಂಗುಲದ ಮೈಯನ್ನು
ಆಫೀಸಿನ ಕಬ್ಬಿಣದ ಕುರ್ಚಿಯಲ್ಲಿ
ಹೋಲ್ಡಾಲಿನಂತೆ ಸುತ್ತಿಟ್ಟುಕೊಂಡು ಕೂತಿದ್ದರು.

ಟೈಪು ಮಾಡುವವಳು ನಾನು, ಎಸ್‌ಡಿಎ ಸುಗುಣ.
ಕಾಯಂ ಹುದ್ದೆಯ ಅರ್ಜಿಗೆ ಇವತ್ತೇ ಕೊನೆ.
ಗಂಟೆ ಮೂರೂವರೆ.

ಐದನೆಯದು ವಿದ್ಯಾರ್ಹತೆ:
ಎಸ್ಸೆಸ್ಸೆಲ್ಸಿ, ಎರಡನೇ ಸಲಕ್ಕೆ ಪಾಸು.
ಆರನೆಯದು ಅನುಭವ. ಜಾಗ ಎರಡು ಗೆರೆ.

'ಬರ್ಕೊಳವ್ವ' ಅಂದರು.
ಹದಿನೆಂಟಕ್ಕೆ ಭರ್ತಿ. ಸ್ಟೇಡಿಯಮ್ಮಿನ ಸುತ್ತ
ಬರಿಗಾಲಲ್ಲಿ ಓಟ. ಎದೆಗೆ ಟೇಪು ಹಿಡಿದ ಸುಬೇದಾರ
ಕತ್ತೆತ್ತಿ ಕೇಳಿದನಂತೆ, ಬಾಸ್ಕೆಟ್‌ಬಾಲ್ ಬರುತ್ತಾ?
ಬುಟ್ಟಿ ಗೊತ್ತು ಸಾರ್, ಚೆಂಡೂ ಗೊತ್ತು,
ಎರಡನ್ನೂ ಒಟ್ಟಿಗೆ ನೋಡಿಲ್ಲ.

ಹದಿನೇಳು ವರ್ಷ. ಜಬಲ್ಪುರ, ಬಟಿಂಡಾ, ಆಮೇಲೆ
'ಮೇಲೆ' ಅಂದರು, ಗೋಡೆಯ ಫ್ಯಾನಿಗಿಂತ ಎತ್ತರಕ್ಕೆ ಕೈ ತೋರಿಸಿ.
ಅಲ್ಲಿ ಚೆಂಡು ಪುಟಿಯುವುದಿಲ್ಲ,
ರಾತ್ರಿ ಉಳಿದ ಮುದ್ದೆಯ ಹಾಗೆ
ದೊಪ್ಪನೆ ಬಿದ್ದು ಸುಮ್ಮನಾಗುತ್ತದೆ.
ಅಲ್ಲಿ ಕತ್ತಲಲ್ಲಿ ಮಾತಾಡುವಂತಿಲ್ಲ.
ಮುಷ್ಟಿ ಅಂದರೆ ನಿಲ್ಲು. ಎರಡು ಬೆರಳು, ಬಲಕ್ಕೆ.
ಅಂಗೈ ಕೆಳಗೆ ಒತ್ತಿದರೆ ಕೂರು.
'ಒಬ್ಬ ಕೆಮ್ಮಿದ' ಅಂದರು.
ಮುಂದೆ ಹೇಳಲಿಲ್ಲ.
ನಾನು ಒಂದು ಕಾಮಾ ಹೊಡೆದು ಕಾದೆ,
ಆಮೇಲೆ ಅದನ್ನೂ ಅಳಿಸಿದೆ.

ಮಂಡಿ ಸವೆದು ಮನೆಗೆ ಬಂದವರಿಗೆ
ಅನ್ನ ಕೊಟ್ಟದ್ದೂ ಮಂಡಿಯೇ:
ಆಲೂಗಡ್ಡೆ ಮಂಡಿಯ ರಾತ್ರಿ ಕಾವಲು.
ತಕ್ಕಡಿಯ ಕಂಬಕ್ಕೆ ಡ್ರಮ್ಮಿನ ಬಳೆ ಬಿಗಿದು
ಲಾರಿ ಬರುವ ತನಕ ಹಮಾಲರ ಹುಡುಗರಿಗೆ
ಆಟ ಕಲಿಸಿದ್ದು, ಅದೂ ಅನುಭವವೇ ತಾನೆ?
'ಸಂಬಳ ಇರ್ಲಿಲ್ಲ, ಬುಡವ್ವ.'

ನಮ್ಮಲ್ಲಿ ಒಂಬತ್ತು ವರ್ಷದಿಂದ ಅತಿಥಿ ತರಬೇತುದಾರ.
ಒಂಬತ್ತು ವರ್ಷದ ಅತಿಥಿಗೆ ಒಂದು ಬೀರು ಸಿಕ್ಕಿಲ್ಲ.
ಚೆಂಡುಗಳು ಅವರ ಸ್ಕೂಟರಿನಲ್ಲೇ ಬರುತ್ತವೆ, ಹೋಗುತ್ತವೆ,
ಬಲೆಚೀಲದಲ್ಲಿ, ಸಂತೆಯಿಂದ ತಂದ ಕುಂಬಳದ ಹಾಗೆ.

ಬೇರೆ ಕಾಲೇಜಿನ ಕೋಚುಗಳು ಗೆರೆಯಾಚೆ ನಿಂತು
ಗಂಟಲು ಹರಿಯುತ್ತಾರೆ. ಇವರು ಸೀಟಿಯನ್ನೂ ಊದರು.
ಹುಡುಗಿಯರೂ ಬಾಯಿ ಬಿಡುವುದಿಲ್ಲ,
ಮುಷ್ಟಿ, ಬೆರಳು, ಅಂಗೈ.
ಎದುರು ತಂಡದವರು ಮೊದಲು ನಗುತ್ತಾರೆ.
ಎರಡನೇ ಕ್ವಾರ್ಟರಿನ ಹೊತ್ತಿಗೆ
ಶೂಗಳ ಕಿರುಗುಟ್ಟು ಬಿಟ್ಟರೆ ಏನೂ ಕೇಳದೆ
ತಮ್ಮತಮ್ಮಲ್ಲೇ ಬೈದಾಡತೊಡಗುತ್ತಾರೆ.

ಮೈಸೂರಿನ ಫೈನಲ್ಲಿಗೆ ಅಂಕ ಬರೆಯಲು ನಾನೂ ಹೋಗಿದ್ದೆ.
ಹದಿನಾಲ್ಕು ಸೆಕೆಂಡು ಇತ್ತು, ನಾವು ಒಂದು ಅಂಕ ಹಿಂದೆ.
ನಸೀಮಾ ಮಂಡಿ ಹಿಡಿದು ಕುಸಿದಳು, ಎದ್ದಳು,
ಆಡ್ತೀನಿ ಸರ್ ಅಂದಳು, ನಿಯಮ ಮೀರಿ, ಜೋರಾಗಿ.
ಆಗ ಒಂದೇ ಒಂದು ಸಲ ಅವರ ದನಿ ಕೇಳಿದೆ:
'ಕೂತ್ಕೋ!'
ಇಡೀ ಗ್ಯಾಲರಿ ಕೂತಿತು.

ಸೋತೆವು. ಪ್ರಿನ್ಸಿಪಾಲರು ಬಸ್ಸಿನುದ್ದಕ್ಕೂ ಕೇಳಿದರು:
ಅವಳೇ ಆಡ್ತೀನಿ ಅಂದ್ಲಲ್ರೀ?
'ಎಲ್ರೂ ಹಂಗೇ ಅಂತಾರೆ ಸಾರ್.'
ಚನ್ನರಾಯಪಟ್ಟಣದಲ್ಲಿ ಟೀ ಕುಡಿಯಲೂ ಇಳಿಯಲಿಲ್ಲ.
ನಸೀಮಾಳ ಕಾಲು ಅವರ ತೊಡೆಯ ಮೇಲಿತ್ತು,
ಕರಗುತ್ತಿದ್ದ ಐಸು ಪ್ಯಾಂಟನ್ನು ನೆನೆಸುತ್ತಿತ್ತು.

ಏಳನೆಯದು ಪ್ರಶಸ್ತಿ. ಇಲ್ಲ.
ಎಂಟನೆಯದು ಮಾನ್ಯತೆ ಪಡೆದ ಸಂಸ್ಥೆಯ ಸರ್ಟಿಫಿಕೇಟು. ಇಲ್ಲ.
ಆರನೆಯದರ ಎರಡು ಗೆರೆಯಲ್ಲಿ
'ಸೇನೆ 17, ಕಾಲೇಜು 9' ಎಂದು ತುಂಬಿಸಿ
ಪಕ್ಕದಲ್ಲಿ 'ಹೆಚ್ಚುವರಿ ಹಾಳೆ ಲಗತ್ತಿಸಿದೆ' ಅಂತ ಹೊಡೆದೆ.
ಹಾಳೆ ಇರಲಿಲ್ಲ.
ಅವರು ಓದದೆ ಸಹಿ ಹಾಕಿದರು,
ಆದರೆ ಪೆನ್ನಿನ ಮುಚ್ಚಳವನ್ನು ಮರೆಯದೆ ಹಾಕಿ ಕೊಟ್ಟರು.

ನಾಲ್ಕಾಯಿತು. ಹೊರಗೆ ಸಿಮೆಂಟಿನ ಮೇಲೆ ಚೆಂಡು ಬಡಿದ ಸದ್ದು.
'ಎಡಗೈ. ದೀಪಾ ಬಂದವ್ಳೆ' ಅಂದು ಕುಂಟುತ್ತ ಹೋದರು.
ಶುಲ್ಕದ ಚಿಲ್ಲರೆ ಐದು ರೂಪಾಯಿ ಮೇಜಿನ ಮೇಲೇ ಉಳಿದಿತ್ತು.
ಕಿಟಕಿಯಿಂದ ಕರೆಯೋಣವೆಂದು ಎದ್ದೆ.
ಕೋರ್ಟಿನ ನಡುವಿಂದ ಇತ್ತ ತಿರುಗದೆಯೇ
ಅಂಗೈ ಕೆಳಗೆ ಒತ್ತಿದರು,
ಹುಡುಗಿಯರಿಗೋ, ನನಗೋ.

ನಾನು ಕೂತೆ.